ಹೆಸರು ಬರೆಸದೆ ಓದಿದ ಪುಸ್ತಕ: ಮಲೆನಾಡಿನ ಒಂದು ಶಾಲಾ ಗ್ರಂಥಾಲಯದ ಪ್ರಕರಣ

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ನಡೆದದ್ದು ಇದು. ಊರು, ಶಾಲೆ, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದ ನಡುವೆ ಇರುವ ಹುಡುಗನಿಗೆ ಈಗ ಹದಿನೆಂಟು ತುಂಬಿದೆ. ಬರೆಯಲು ಅವನು ಒಪ್ಪಿಗೆ ಕೊಟ್ಟಿದ್ದಾನೆ, ಕರಡನ್ನೂ ಓದಿದ್ದಾನೆ. ಬೇಡ ಅಂದದ್ದನ್ನು ತೆಗೆದುಹಾಕಿದ್ದೇನೆ. ಹೀಗಾಗಿ ಒಂದೆರಡು ಕಡೆ ಕಥೆ ಜಿಗಿದಂತೆ ಕಾಣಬಹುದು.

ಶಾಲೆಗಳಿಗೆ ಪುಸ್ತಕ ಆರಿಸಿಕೊಡುವುದು, ಲೈಬ್ರರಿ ಜೋಡಿಸಲು ನೆರವಾಗುವುದು ನನ್ನ ಕೆಲಸ. ಈ ಶಾಲೆಯ ಲೈಬ್ರರಿ ಸ್ಟಾಫ್ ರೂಮಿನ ಪಕ್ಕದ ಒಂದು ಕೋಣೆ. ಸಾಲಾಗಿ ಕಬ್ಬಿಣದ ಬೀರುಗಳು, ಎರಡು ಉದ್ದನೆಯ ಬೆಂಚು, ಕಿಟಕಿ ಹತ್ತಿರ ಒಂದು ಮೇಜು. ಗ್ರಂಥಪಾಲಕರು ಅಂತ ಯಾರೂ ಇಲ್ಲ. ನಮ್ಮ ಹೆಚ್ಚಿನ ಪ್ರೌಢಶಾಲೆಗಳ ಹಾಗೆ ಇಲ್ಲೂ ಕನ್ನಡ ಪಾಠ ಮಾಡುವ ಟೀಚರ್ ಹೆಗಲಿಗೇ ಲೈಬ್ರರಿ ಉಸ್ತುವಾರಿ ಬಿದ್ದಿತ್ತು. ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಾನವಾಗಿ ಬಂದವು. ಊರಿನ ಯಾರೋ ಹಿರಿಯರು ತೀರಿಕೊಂಡಾಗ ಮನೆಯವರು ಅವರ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಶಾಲೆಗೆ ಕೊಡುತ್ತಾರೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಹಾಗೆ ಬಂದದ್ದೆಲ್ಲ ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ, ಬೀರು ಸೇರುತ್ತದೆ, ಅಲ್ಲೇ ಉಳಿಯುತ್ತದೆ.

ಮಕ್ಕಳು ಸುತ್ತಲಿನ ಹಳ್ಳಿಗಳವರು. ಅಡಿಕೆ ತೋಟದ ಮನೆಯವರೂ ಇದ್ದಾರೆ, ಆ ತೋಟಗಳಲ್ಲಿ ಕೂಲಿ ಮಾಡುವವರ ಮಕ್ಕಳೂ ಇದ್ದಾರೆ. ಸ್ವಲ್ಪ ಜನ ಹಾಸ್ಟೆಲಿನಲ್ಲಿ ಇರುತ್ತಾರೆ, ಉಳಿದವರು ಬಸ್ಸಿನಲ್ಲಿ ಬಂದು ಹೋಗುತ್ತಾರೆ.

ಏನಾಗಿತ್ತು

ಹುಡುಗ ಎಂಟನೇ ಕ್ಲಾಸಿನಲ್ಲಿದ್ದಾಗ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಒಂದು ಯಕ್ಷಗಾನ ಪ್ರಸಂಗ ಮಾಡಿಸಿದ್ದರು. ಅವನದು ಸ್ತ್ರೀವೇಷ. ಚೆನ್ನಾಗಿ ಮಾಡಿದ. ನಮ್ಮ ಕಡೆ ಸ್ತ್ರೀವೇಷ ಅಂದರೆ ಸಣ್ಣ ಮಾತಲ್ಲ, ಒಳ್ಳೆಯ ಸ್ತ್ರೀವೇಷದವರನ್ನು ನೋಡಲೆಂದೇ ಜನ ರಾತ್ರಿಯಿಡೀ ಕೂರುತ್ತಾರೆ. ಅವತ್ತೂ ಊರವರು ಎದ್ದು ಚಪ್ಪಾಳೆ ತಟ್ಟಿದರು, ಒಬ್ಬರು ಐನೂರರ ನೋಟು ಕೊಟ್ಟರು. ಆದರೆ ಸೋಮವಾರ ಶಾಲೆಗೆ ಬಂದರೆ ಅವನಿಗೆ ಹೊಸ ಹೆಸರು ಕಾದಿತ್ತು. ‘ಹೆಣ್ಣಪ್ಪಿ’ ಅನ್ನುವುದು ಅದರಲ್ಲಿ ಎಷ್ಟೋ ಮೆದು. ರಂಗದ ಮೇಲೆ ಕೈ ತಟ್ಟಿದವರ ಮಕ್ಕಳೇ ಬಸ್ಸಿನಲ್ಲಿ ಕೂಗುತ್ತಿದ್ದರು.

ವೇಷ ಬರೀ ನೆಪ. ಅವನ ನಡಿಗೆ, ಮಾತು, ಕೈ ಆಡಿಸುವ ರೀತಿ ಮೊದಲಿಂದಲೂ ಹಾಗೇ ಇತ್ತು. ಈಗ ಎಲ್ಲರ ಕಣ್ಣು ಅದರ ಮೇಲೆ ಬಿತ್ತು, ಅಷ್ಟೇ. ಒಂಬತ್ತನೇ ಕ್ಲಾಸು ಶುರುವಾದ ಮೇಲೆ ಹಾಜರಿ ಇಳಿಯಿತು. ವಿಚಾರಿಸಿದರೆ ಹೊಟ್ಟೆನೋವು. ಆಟದ ಪೀರಿಯಡ್ ಇರುವ ದಿನ ಖಚಿತವಾಗಿ ಹೊಟ್ಟೆನೋವು. ಶಾಲೆಯ ಶೌಚಾಲಯಕ್ಕೆ ಅವನು ಹೋಗುವುದೇ ಇಲ್ಲ, ಅದಕ್ಕೇ ದಿನವಿಡೀ ನೀರು ಕುಡಿಯುವುದಿಲ್ಲ ಎನ್ನುವುದು ಟೀಚರಿಗೆ ತಿಳಿದದ್ದು ಬಹಳ ತಡವಾಗಿ. ತಾಯಿ ಪಾಪ, ಹೊಟ್ಟೆನೋವಿಗೆ ಅಂತ ತಾಯಿತ ಕಟ್ಟಿಸಿದ್ದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಲೈಬ್ರರಿಯಲ್ಲಿ ಇರುತ್ತಿದ್ದ. ಓದಲಿಕ್ಕೆ ಅನ್ನುವುದಕ್ಕಿಂತ ಹೊರಗೆ ಇರದಿರಲಿಕ್ಕೆ. ಟೀಚರ್ ಅದನ್ನು ಗಮನಿಸಿದ್ದರು. ಏನೂ ಕೇಳಿರಲಿಲ್ಲ.

ಬೂಸ್ಟು ಹಿಡಿದ ಪುಸ್ತಕ

ಮಲೆನಾಡಿನಲ್ಲಿ ಲೈಬ್ರರಿ ನೋಡಿಕೊಳ್ಳುವವರಿಗೆ ಗೊತ್ತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಕ್ಕೆ ಬೂಸ್ಟು ಹಿಡಿಯದೆ ಇರುವುದಿಲ್ಲ. ಮಳೆ ಬಿಟ್ಟ ಮೇಲೆ ಬೀರು ಖಾಲಿ ಮಾಡಿ, ಒರೆಸಿ, ಪುಸ್ತಕಗಳನ್ನು ಬಿಸಿಲಿಗೆ ಹರಡಬೇಕು. ಆ ವರ್ಷ ದಸರಾ ರಜೆ ಮುಗಿದ ಮೇಲೆ ಟೀಚರ್ ಈ ಕೆಲಸಕ್ಕೆ ಕೂತರು. ಕೆಳಗಿನ ಬೀರಿನಲ್ಲಿ, ದಾನದ ಪುಸ್ತಕಗಳ ನಡುವೆ, ಹದಿಹರೆಯದವರಿಗೆ ಆರೋಗ್ಯ ಸಲಹೆ ಕೊಡುವ ಒಂದು ಹಳೆಯ ಪುಸ್ತಕ ಸಿಕ್ಕಿತು. ಒಂದು ಪುಟದ ಮೂಲೆ ಮಡಿಚಿತ್ತು. ಗಂಡಿಗೆ ಗಂಡಿನ ಮೇಲೆ ಆಸೆ ಹುಟ್ಟುವುದು ಮನಸ್ಸಿನ ರೋಗ, ಮದುವೆಯಾದರೆ ಸರಿಹೋಗುತ್ತದೆ ಎಂದು ಆ ಪುಟದಲ್ಲಿ ಬರೆದಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: ‘ಆದರೂ ಹೋಗದಿದ್ದರೆ?’

ವರ್ಷವಿಡೀ ಮಕ್ಕಳ ನೋಟ್ಸ್ ತಿದ್ದುವವರಿಗೆ ಯಾರ ಅಕ್ಷರ ಯಾವುದು ಅಂತ ಹೇಳಬೇಕಾಗಿಲ್ಲ.

ನನಗೆ ಫೋನ್ ಬಂದದ್ದು ಅವತ್ತು ಸಂಜೆ. ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: ಅವನನ್ನು ಕರೆದು ಮಾತಾಡಲೋ ಬೇಡವೋ? ಬೇಡ ಅನ್ನುವುದು ನನ್ನ ಅಭಿಪ್ರಾಯವಾಗಿತ್ತು, ಅವರದೂ ಅದೇ. ಅವನು ಬರೆದದ್ದು ಪುಸ್ತಕಕ್ಕೆ, ನಮಗಲ್ಲ. ಕರೆದು ಕೂರಿಸಿ ‘ಇದು ನಿಂದೇನಾ’ ಅಂದರೆ ಅವನಿಗೆ ಉಳಿದಿದ್ದ ಒಂದೇ ಜಾಗವೂ ಹೋಗುತ್ತಿತ್ತು. ಈ ಪ್ರಕರಣದ ಮೊದಲ ತಿರುವು ಇದು ಅಂತ ಈಗ ಅನ್ನಿಸುತ್ತದೆ. ಮೇಲ್ನೋಟಕ್ಕೆ ಏನೂ ನಡೆಯಲೇ ಇಲ್ಲ.

ಆದರೆ ಪುಸ್ತಕದ ವಿಷಯದಲ್ಲಿ ಏನಾದರೂ ಮಾಡಲೇಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ಭಾರತೀಯ ಮನೋವೈದ್ಯರ ಸಂಘ ಇದು ಕಾಯಿಲೆ ಅಲ್ಲ ಎಂದು 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಇಷ್ಟೆಲ್ಲ ಆದ ಮೇಲೂ ನಮ್ಮ ಬೀರಿನಲ್ಲಿ ಆ ಪುಟ ಹಾಗೇ ಇತ್ತು. ‘ಇಂಥ ಮಕ್ಕಳಿಗಾಗಿ ಲೈಬ್ರರಿ ಏನು ತರಿಸಬೇಕು’ ಅಂತ ಎಲ್ಲರೂ ಕೇಳುತ್ತಾರೆ. ಈಗಾಗಲೇ ಒಳಗೆ ಏನು ಕೂತಿದೆ ಎನ್ನುವುದನ್ನು ಯಾರೂ ನೋಡುವುದಿಲ್ಲ.

ಶಾಲೆಯಿಂದ ಒಂದು ಪುಸ್ತಕ ತೆಗೆದುಹಾಕುವುದು ಸುಲಭವಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಇರುತ್ತದೆ, ರದ್ದು ಮಾಡಲು ಕಾರಣ ಬರೆಯಬೇಕು, ಹೆಡ್ಮಾಸ್ಟರ ಸಹಿ ಬೇಕು. ಇದೊಂದನ್ನೇ ಪಟ್ಟಿಯಲ್ಲಿ ಹಾಕಿದರೆ ನೂರು ಪ್ರಶ್ನೆ ಏಳುತ್ತವೆ. ಟೀಚರ್ ಜಾಣತನ ಮಾಡಿದರು. ಇಡೀ ಲೈಬ್ರರಿಯನ್ನು ಜಾಲಾಡಿ ಮಾಹಿತಿ ಹಳತಾದ ಪುಸ್ತಕಗಳನ್ನೆಲ್ಲ ಒಟ್ಟುಹಾಕಿದರು. ಸೋವಿಯತ್ ಒಕ್ಕೂಟ ಇರುವ ಅಟ್ಲಾಸು, ಪ್ಲೂಟೊ ಇನ್ನೂ ಗ್ರಹವಾಗಿದ್ದ ಸಾಮಾನ್ಯ ಜ್ಞಾನದ ಪುಸ್ತಕ, ಫ್ಲಾಪಿ ಡಿಸ್ಕ್ ಬಗ್ಗೆ ಪಾಠ ಹೇಳುವ ಕಂಪ್ಯೂಟರ್ ಗೈಡು, ಇವುಗಳ ಜೊತೆ ಆ ಆರೋಗ್ಯ ಸಲಹೆಯೂ ಸೇರಿತು. ಎಲ್ಲಕ್ಕೂ ಒಂದೇ ಕಾರಣ: ‘ಮಾಹಿತಿ ಹಳತಾಗಿದೆ’. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಡ್ಮಾಸ್ಟರು ಸಹಿ ಹಾಕಿದರು.

ಮಾಡಿ ನೋಡಿದ್ದು

ಹೊಸ ಪುಸ್ತಕ ಯಾವುದು? ಇಲ್ಲಿ ಸ್ವಲ್ಪ ಚರ್ಚೆ ಆಯಿತು. ಕನ್ನಡದಲ್ಲಿ ಈ ಬದುಕಿನ ಬಗ್ಗೆ ಒಳ್ಳೆಯ ಪುಸ್ತಕಗಳಿವೆ, ಆದರೆ ಹದಿಮೂರು ಹದಿನಾಲ್ಕರ ಮಕ್ಕಳಿಗೆಂದೇ ಬರೆದದ್ದು ಸಿಗುವುದು ಕಷ್ಟ. ಸಲಿಂಗ ಆಕರ್ಷಣೆಯ ಬದುಕನ್ನು ಹೇಳುವ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ಎರಡನ್ನೂ ಟೀಚರ್ ಪೂರ್ತಿ ಓದಿದರು. ಎರಡೂ ದೊಡ್ಡವರಿಗಾಗಿ ಬರೆದವು ಎಂದು ತೀರ್ಮಾನಿಸಿ ಶಿಕ್ಷಕರ ಬೀರಿನಲ್ಲಿ ಇಟ್ಟರು. ಹತ್ತನೆಯವರಿಗೆ ಒಂದೆರಡು ಕಥೆ ಕೊಡಬಹುದಿತ್ತು ಅಂತ ನನಗೆ ಅನ್ನಿಸಿತ್ತು. ಆದರೆ ನಾಳೆ ಪೋಷಕರ ಮುಂದೆ ನಿಂತು ಉತ್ತರ ಕೊಡಬೇಕಾದವರು ಅವರು. ಅವರ ಮಾತೇ ನಡೆಯಬೇಕು.

ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಮಾತ್ರ ಮಕ್ಕಳ ಬೀರಿಗೆ ಹೋಯಿತು. ಅದರಲ್ಲೂ ನೋವಿನ ಭಾಗಗಳಿವೆ. ಕೇಳಿದವರಿಗೆ ಮೊದಲು ಎರಡು ಮಾತು ಹೇಳಿ ಕೊಟ್ಟರೆ ಹೇಗೆ ಅನ್ನುವ ಯೋಚನೆ ಬಂತು. ಟೀಚರೇ ಬೇಡ ಅಂದರು. ಬಾಗಿಲಲ್ಲಿ ಒಬ್ಬರು ನಿಂತರೆ ಬೇಕಾದವನು ಬರುವುದೇ ಇಲ್ಲ ಅನ್ನುವುದು ಅವರ ವಾದ. ಮಂಜಮ್ಮನವರನ್ನು ಮಕ್ಕಳು ಮೊದಲೇ ಬಲ್ಲರು ಅನ್ನುವುದೂ ಒಂದು ಅನುಕೂಲ. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊವನ್ನು ಫೋನಿನಲ್ಲಿ ನೋಡದ ಮಕ್ಕಳೇ ಇರಲಿಲ್ಲ.

ದುಡ್ಡಿಲ್ಲದೆ ಆದ ಇನ್ನೊಂದು ಕೆಲಸ ಪೇಪರ್ ಕಟಿಂಗ್ ಫೈಲು. ಲೈಬ್ರರಿಯಲ್ಲಿ ಮೊದಲಿಂದಲೂ ‘ಸಾಧಕರು’, ‘ಕಾನೂನು’, ‘ಪರಿಸರ’ ಎಂಬ ಫೈಲುಗಳಿದ್ದವು. ಕಾನೂನಿನ ಫೈಲಿಗೆ ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ತೀರ್ಪಿನ ವಿವರ ಸೇರಿತು. ತನ್ನ ಲಿಂಗ ಗುರುತನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಹೇಳಿದ ತೀರ್ಪು ಅದು. 2018ರ ತೀರ್ಪು, ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ (ಟ್ರಾನ್ಸ್‌ಜೆಂಡರ್ ಜನರಿಗೆ) ಕರ್ನಾಟಕ 2021ರಲ್ಲಿ ಕೊಟ್ಟ ಶೇ 1ರ ಮೀಸಲಾತಿ, ಇವೂ ಸೇರಿದವು. ಬಾಲ್ಯವಿವಾಹ, ಮಾಹಿತಿ ಹಕ್ಕಿನ ಕಟಿಂಗುಗಳ ಪಕ್ಕದಲ್ಲೇ ಇವನ್ನೂ ಅಂಟಿಸಿದರು.

ಇಷ್ಟಾದರೂ ಮೊದಲ ಹೆಜ್ಜೆ ನೆಟ್ಟಗೆ ಬೀಳಲಿಲ್ಲ. ಡಿಸೆಂಬರಿನಲ್ಲಿ ಕಿಟಕಿ ಹತ್ತಿರದ ಮೇಜಿನ ಮೇಲೆ ಹೊಸ ಪುಸ್ತಕ, ಕಟಿಂಗು ಎಲ್ಲ ಇಟ್ಟು ‘ಎಲ್ಲರೂ ನಮ್ಮವರೇ’ ಎಂದು ಚಾರ್ಟ್ ಬರೆದು ಹಾಕಿದರು. ನೋಡಲು ಚೆಂದ ಇತ್ತು. ಯಾರೂ ಹತ್ತಿರ ಹೋಗಲಿಲ್ಲ. ಎರಡನೇ ದಿನ ಹುಡುಗರಿಗೆ ಒಂದು ಆಟ ಸಿಕ್ಕಿತು: ಒಬ್ಬನನ್ನು ಆ ಮೇಜಿನ ಕಡೆ ತಳ್ಳುವುದು, ಮೈ ತಾಗಿದವನನ್ನು ಹೀಯಾಳಿಸುವುದು. ನಮ್ಮ ಹುಡುಗ ಆ ವಾರ ಮಧ್ಯಾಹ್ನ ಲೈಬ್ರರಿಗೆ ಬರುವುದನ್ನೇ ಬಿಟ್ಟ. ಚಾರ್ಟ್ ಇಳಿಯಿತು. ಆತ್ಮಕಥೆಗಳ ಸಾಲಿನಲ್ಲಿ ಉಳಿದವುಗಳ ನಡುವೆ ಮಂಜಮ್ಮನವರ ಪುಸ್ತಕ ಕೂತಿತು. ಮೇಜಿನ ಮೇಲೆ ಎಸ್ಸೆಸ್ಸೆಲ್ಸಿ ಹಳೇ ಪ್ರಶ್ನೆಪತ್ರಿಕೆ ಬಂದವು.

ಬೇರೆ ಊರುಗಳ ಲೈಬ್ರರಿಗಳಲ್ಲಿ ಇಂಥ ಪ್ರದರ್ಶನ ಚೆನ್ನಾಗಿ ನಡೆದಿರಬಹುದು. ಇಡೀ ಶಾಲೆಯೇ ಒಬ್ಬರಿಗೊಬ್ಬರು ಗುರುತು, ಅವರಪ್ಪ ಇವರಪ್ಪನಿಗೆ ನೆಂಟ, ಇಂಥ ಕಡೆ ‘ಇದು ಅವರಿಗಾಗಿ’ ಅಂತ ತೋರಿಸುವ ಮೇಜು ಬೆರಳು ತೋರಿಸುವ ಮೇಜೂ ಆಗುತ್ತದೆ.

ರಿಜಿಸ್ಟರಿನ ಕಥೆ

ಮುಖ್ಯ ತಿರುವು ನಾವು ಯಾರೂ ನಿರೀಕ್ಷಿಸದ ಕಡೆಯಿಂದ ಬಂತು.

ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಪುಸ್ತಕ ವಾಪಸ್ ಮಾಡದವರ ಪಟ್ಟಿಯನ್ನು ಕ್ಲಾಸ್ ಲೀಡರ್ ಗಟ್ಟಿಯಾಗಿ ಓದುವ ಪದ್ಧತಿ ಆ ಶಾಲೆಯಲ್ಲಿ ಇತ್ತು. ಎಷ್ಟೋ ಶಾಲೆಗಳಲ್ಲಿ ಇದೆ. ಹೆಸರು, ಪುಸ್ತಕ, ತಾರೀಕು. ಜನವರಿಯ ಒಂದು ಶನಿವಾರ ಒಬ್ಬ ಹುಡುಗನ ಹೆಸರಿನ ಮುಂದೆ ‘ನಡುವೆ ಸುಳಿವ ಹೆಣ್ಣು’ ಅಂತ ಓದಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಹುಡುಗ ಶಾಲೆಯ ಕಬಡ್ಡಿ ತಂಡದವನು, ಕನ್ನಡ ಪ್ರಾಜೆಕ್ಟಿಗೆ ಅಂತ ಪುಸ್ತಕ ಒಯ್ದಿದ್ದ. ಸೋಮವಾರ ಬೆಳಿಗ್ಗೆಯೇ ತಂದು ಮೇಜಿನ ಮೇಲೆ ಇಟ್ಟು ಹೋದ. ಅರ್ಧ ಓದಿದ್ದನೋ ಇಲ್ಲವೋ.

ಕಬಡ್ಡಿ ಆಡುವವನಿಗೇ ಹೀಗಾದರೆ ತನ್ನ ಗತಿ ಏನು? ನಮ್ಮ ಹುಡುಗ ಅದೇ ಕ್ಲಾಸಿನಲ್ಲಿ ಕೂತು ಇದನ್ನೆಲ್ಲ ನೋಡಿದ್ದ. ಪುಸ್ತಕದ ಬೆನ್ನು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು, ಇಶ್ಯೂ ಮಾಡಿಸುವ ಧೈರ್ಯ ಇರಲಿಲ್ಲ. ಇದನ್ನು ಅವನು ಹೇಳಿದ್ದು ಎಷ್ಟೋ ಸಮಯದ ಮೇಲೆ. ಆದರೆ ಟೀಚರಿಗೆ ಆ ನಗು ಕೇಳಿದ ಕೂಡಲೇ ಅರ್ಥವಾಯಿತು. ಬೀರಿನಲ್ಲಿ ಎಂಥ ಪುಸ್ತಕ ಇಟ್ಟರೂ ರಿಜಿಸ್ಟರು ಹೀಗೆ ಇದ್ದರೆ ಪ್ರಯೋಜನವಿಲ್ಲ. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಹೇಳಿದರು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುವುದು ಅದರಲ್ಲೊಂದು. ಸಿಕ್ಕಿದ್ದು ಊರಿಗೆಲ್ಲ ತಿಳಿಯಬೇಕು ಅಂತ ಅವರೇನೂ ಹೇಳಿಲ್ಲ.

ಬದಲಾವಣೆ ಹೀಗಿತ್ತು. ಶನಿವಾರದ ಓದು ನಿಂತಿತು. ಪುಸ್ತಕ ಬಾಕಿ ಇರುವವರಿಗೆ ಟೀಚರೇ ಚೀಟಿ ಕೊಡುತ್ತಾರೆ, ಚೀಟಿಯಲ್ಲಿ ಪುಸ್ತಕದ ಹೆಸರಿಲ್ಲ, ನಂಬರ್ ಮಾತ್ರ. ಪ್ರತಿ ಮಗುವಿಗೆ ಒಂದು ಕಾರ್ಡ್ ನಂಬರ್. ಇಶ್ಯೂ ರಿಜಿಸ್ಟರಿನಲ್ಲಿ ಕಾರ್ಡ್ ನಂಬರ್, ಪುಸ್ತಕದ ನಂಬರ್ ಎರಡೇ. ಯಾವ ನಂಬರ್ ಯಾರದು ಅನ್ನುವ ಪಟ್ಟಿ ಟೀಚರ ಡ್ರಾಯರಿನಲ್ಲಿ ಬೀಗದೊಳಗೆ. ಲೈಬ್ರರಿಯಲ್ಲೇ ಕೂತು ಓದುವುದಕ್ಕೆ ಎಂಟ್ರಿ ಬೇಡ. ಜೊತೆಗೆ ಪ್ರತಿ ಪುಸ್ತಕಕ್ಕೂ ಹಳೇ ನ್ಯೂಸ್‌ಪೇಪರಿನ ಬೈಂಡ್. ಬೂಸ್ಟಿನಿಂದ ಕಾಪಾಡಲಿಕ್ಕೆ ಅಂತ ಮಕ್ಕಳಿಗೆ ಹೇಳಿದರು, ಅದೂ ನಿಜವೇ. ಬಸ್ಸಿನಲ್ಲಿ ಕೂತು ಓದಿದರೆ ಯಾವ ಪುಸ್ತಕ ಅಂತ ಪಕ್ಕದವನಿಗೆ ಕಾಣುವುದಿಲ್ಲ ಎನ್ನುವುದು ಇನ್ನೊಂದು ನಿಜ.

ಏಪ್ರಿಲ್‌ನಲ್ಲಿ ಸ್ಟಾಕ್ ಚೆಕ್ ಮಾಡಿದಾಗ ಮಂಜಮ್ಮನವರ ಪುಸ್ತಕ ಇರಲಿಲ್ಲ. ಇಶ್ಯೂ ಆಗಿಯೂ ಇರಲಿಲ್ಲ. ಕಳೆದುಹೋಗಿದ್ದರೆ ಉಸ್ತುವಾರಿ ಶಿಕ್ಷಕರೇ ದುಡ್ಡು ಕಟ್ಟಬೇಕು, ಹುಡುಕಿಸಿ ಅಂತ ಹೆಡ್ಮಾಸ್ಟರು ಹೇಳಿದರು. ಟೀಚರ್ ಹುಡುಕಿಸಲಿಲ್ಲ. ಷರಾ ಕಾಲಂನಲ್ಲಿ ‘ಓದಲು ಹೊರಗಿದೆ’ ಎಂದು ಬರೆದರು. ಜೂನಿನಲ್ಲಿ ಶಾಲೆ ತೆರೆದ ವಾರವೇ ಪುಸ್ತಕ ಸಾಲಿನಲ್ಲಿ ಇತ್ತು. ಯಾರನ್ನೂ ಏನೂ ಕೇಳಲಿಲ್ಲ.

ವಚನದ ಪೀರಿಯಡ್

ಇದು ದೊಡ್ಡ ತಿರುವೇನಲ್ಲ, ಆದರೆ ನನಗೆ ಇಷ್ಟವಾದ ಭಾಗ. ಲೈಬ್ರರಿ ಪೀರಿಯಡ್‌ನಲ್ಲಿ ಟೀಚರ್ ಜೇಡರ ದಾಸಿಮಯ್ಯನ ಒಂದು ವಚನ ಓದಿಸಿದರು. ಮೈಯ ಗುರುತು ನೋಡಿ ಹೆಣ್ಣು ಗಂಡು ಅನ್ನುತ್ತೀರಿ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಅನ್ನುವ ವಚನ. ಇದೇ ಮಾತನ್ನು ಗೊಗ್ಗವ್ವೆಯೂ ತನ್ನ ರೀತಿಯಲ್ಲಿ ಕೇಳಿದ್ದಾಳೆ. ಒಬ್ಬಳು ಹುಡುಗಿ ಮಂಜಮ್ಮನವರ ಪುಸ್ತಕದ ಹೆಸರು ಇಲ್ಲಿಂದಲೇ ಬಂದದ್ದಲ್ವಾ ಅಂದಳು. ಆ ಪುಸ್ತಕ ಅವಳೂ ನೋಡಿದ್ದಾಳೆ ಅಂತ ಆಗಲೇ ಗೊತ್ತಾಗಿದ್ದು.

ಆಮೇಲೆ ಮಾತು ಎಲ್ಲೆಲ್ಲೋ ಹೋಯಿತು. ಮೋಹಿನಿ ಬಂದಳು, ಶಿಖಂಡಿ ಬಂದ, ಬೃಹನ್ನಳೆ ಬಂದಳು. ಅರ್ಜುನ ಬೃಹನ್ನಳೆಯಾದದ್ದು ಊರ್ವಶಿಯ ಶಾಪದಿಂದ, ಹಾಗಾಗಿ ಅದು ಶಿಕ್ಷೆ ಅಂತ ಒಬ್ಬ ವಾದ ಮಾಡಿದ. ಶಾಪವೇ ಅಜ್ಞಾತವಾಸದಲ್ಲಿ ಅವನನ್ನು ಕಾಪಾಡಿತಲ್ಲ ಅಂತ ಇನ್ನೊಬ್ಬ. ಯಕ್ಷಗಾನದ ಮನೆಯ ಮಕ್ಕಳಿಗೆ ಇದರಲ್ಲಿ ಸೋಲುವುದು ಗೊತ್ತಿಲ್ಲ. ಗಂಟೆ ಹೊಡೆಯುವವರೆಗೆ ಅರ್ಜುನ ನಿಜವಾಗಿ ಬದಲಾಗಿದ್ದನೋ ನಟಿಸುತ್ತಿದ್ದನೋ ಎನ್ನುವುದೇ ತೀರ್ಮಾನವಾಗಲಿಲ್ಲ. ಟೀಚರ್ ಬುದ್ಧಿವಾದಕ್ಕೆ ಇಳಿಯಲಿಲ್ಲ. ನಮ್ಮ ಹುಡುಗ ಒಂದು ಮಾತೂ ಆಡಲಿಲ್ಲ.

ಆಕ್ಷೇಪ

ನಡುವೆ, ಫೆಬ್ರುವರಿಯಲ್ಲಿ, ಒಬ್ಬ ಪೋಷಕರ ದೂರು ಆಡಳಿತ ಮಂಡಳಿಯ ಸದಸ್ಯರೊಬ್ಬರ ಮೂಲಕ ಬಂದಿತ್ತು. ಮಕ್ಕಳ ತಲೆ ಕೆಡಿಸುವ ಪುಸ್ತಕ ಲೈಬ್ರರಿಯಲ್ಲಿದೆ ಅಂತ. ಸದಸ್ಯರು ತಯಾರಾಗಿಯೇ ಬಂದಿದ್ದರು. ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗಾಗಿ ಕೈಪಿಡಿ ತಂದು, ಆಕ್ಷೇಪ ಬಂದ ಕೂಡಲೇ ವೆಬ್‌ಸೈಟಿನಿಂದ ತೆಗೆದದ್ದು ಅವರಿಗೆ ಗೊತ್ತಿತ್ತು. ‘ದಿಲ್ಲಿಯವರೇ ವಾಪಸ್ ತಗೊಂಡಿದ್ದಾರೆ, ನಿಮಗ್ಯಾಕೆ ಮೇಷ್ಟ್ರೇ?’

ಹೆಡ್ಮಾಸ್ಟರು ಈ ವಿಷಯದಲ್ಲಿ ಯಾವ ಕಡೆ ನಿಲ್ಲುತ್ತಾರೆ ಅಂತ ನಮಗೂ ಖಚಿತ ಇರಲಿಲ್ಲ. ಮೃದು ಮನುಷ್ಯ, ಜಗಳ ಬೇಡ ಅನ್ನುವವರು. ಆದರೆ ವರ್ಷಗಳ ಹಿಂದೆ ಹೆಗ್ಗೋಡಿನ ‘ಜನಮನದಾಟ’ ತಂಡ ಆಡುತ್ತಿದ್ದ ‘ಬದುಕು ಬಯಲು’ ನಾಟಕವನ್ನು ನೋಡಿದ್ದರಂತೆ. ಅದು ಅವರ ಮನಸ್ಸಿನಲ್ಲಿ ಉಳಿದಿತ್ತು ಅಂತ ಆಮೇಲೆ ಹೇಳಿದರು. ಸಭೆಯಲ್ಲಿ ಮಾತ್ರ ನಾಟಕದ ಮಾತು ಎತ್ತಲಿಲ್ಲ. ಎರಡು ಕಾಗದ ಮುಂದಿಟ್ಟರು. ಒಂದು, 2019ರ ಕೇಂದ್ರ ಕಾಯ್ದೆ: ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ಲಿಂಗತ್ವ ಅಲ್ಪಸಂಖ್ಯಾತರಿಗೆ ತಾರತಮ್ಯವಿಲ್ಲದ ಶಿಕ್ಷಣ ಕೊಡಬೇಕು ಎನ್ನುವ ಭಾಗ. ಕೈಪಿಡಿ ಹೋದರೂ ಕಾಯ್ದೆ ಇದ್ದೇ ಇತ್ತು. ಇನ್ನೊಂದು, ಪುಸ್ತಕದ ಲೇಖಕಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ, ಆಮೇಲೆ ಪದ್ಮಶ್ರೀ ಪಡೆದ ವರದಿ. ನಂತರ ಹೇಳಿದರು: ‘ಪದ್ಮಶ್ರೀ ಬಂದವರ ಆತ್ಮಕಥೆ ಶಾಲೆಯಲ್ಲಿ ಇರಬಾರದು ಅಂತ ನನ್ನ ಕೈಲಿ ಬರೆಯೋಕೆ ಆಗಲ್ಲ. ಮಂಡಳಿ ಬರೆದುಕೊಡಲಿ, ಸಹಿ ಹಾಕಿ. ತೆಗೀತೀನಿ.’

ಯಾರೂ ಬರೆದುಕೊಡಲಿಲ್ಲ. ಸಭೆ ಕಾಂಪೌಂಡ್ ಗೋಡೆಯ ವಿಷಯಕ್ಕೆ ಹೋಯಿತು.

ಇಲ್ಲಿ ಒಂದು ಮಾತು. ಈ ಕಾಯ್ದೆ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಇದೆ. ಹುಡುಗನ ಮೇಲೆ ಮನಸ್ಸಾಗುವ ಹುಡುಗ, ಹುಡುಗಿಯ ಮೇಲೆ ಮನಸ್ಸಾಗುವ ಹುಡುಗಿ ಇದರೊಳಗೆ ಬರುವುದಿಲ್ಲ. ನಮ್ಮ ಹುಡುಗನ ಪ್ರಶ್ನೆ ಇದ್ದದ್ದು ಅಲ್ಲಿ. ಕಾಯ್ದೆ ಪುಸ್ತಕವನ್ನು ಉಳಿಸಿತು, ಅವನನ್ನು ನೇರವಾಗಿ ಉಳಿಸಲಿಲ್ಲ. ಸಭೆ ಗೆದ್ದ ಖುಷಿಯಲ್ಲಿ ಇದು ಮರೆತುಹೋಗುತ್ತದೆ.

ಮಾತು

ಹತ್ತನೇ ಕ್ಲಾಸಿನ ಜುಲೈ. ದಾರಿಯಲ್ಲಿ ಮರ ಬಿದ್ದು ಸಂಜೆಯ ಬಸ್ಸು ತಡವಾಗಿತ್ತು. ಐದಾರು ಮಕ್ಕಳು ಲೈಬ್ರರಿಯಲ್ಲಿ ಕಾಯುತ್ತಿದ್ದರು. ಉಳಿದವರು ಹೋದ ಮೇಲೆ ಹುಡುಗ ಮೇಜಿನ ಹತ್ತಿರ ಬಂದ.

‘ಟೀಚರ್, ಆ ಕೆಳಗಿನ ಬೀರಲ್ಲಿ ಒಂದು ಹಳೇ ಆರೋಗ್ಯದ ಪುಸ್ತಕ ಇತ್ತಲ್ಲ, ಎಲ್ಲಿ ಹೋಯ್ತು?’

‘ತೆಗೆದು ಹಾಕ್ದೆ. ಅದರಲ್ಲಿ ಬರೆದಿದ್ದು ತಪ್ಪಾಗಿತ್ತು.’

‘ಯಾವಾಗಿಂದ ತಪ್ಪು?’

‘1990ರಿಂದ.’

ಸ್ವಲ್ಪ ಹೊತ್ತು ಬಿಟ್ಟು ಕೇಳಿದನಂತೆ: ‘ಆವಾಗ ನೀವು ಎಷ್ಟನೇ ಕ್ಲಾಸು ಟೀಚರ್?’ ಇಬ್ಬರೂ ನಕ್ಕರು. ಆಮೇಲೆ ಮಾತು ಬಂತು. ಎಲ್ಲವೂ ಅಲ್ಲ, ಅವತ್ತೇ ಅಲ್ಲ. ‘ನೀನು ಹಾಗಾ’ ಅಂತ ಟೀಚರ್ ಒಮ್ಮೆಯೂ ಕೇಳಲಿಲ್ಲ. ಅವನೂ ತನ್ನನ್ನು ಯಾವ ಹೆಸರಿನಿಂದಲೂ ಕರೆದುಕೊಳ್ಳಲಿಲ್ಲ. ಇದು ಕಾಯಿಲೆ ಅಲ್ಲ, ಮದುವೆ ಮದ್ದಲ್ಲ, ನಿನ್ನಂತೆ ಬೇರೆಯವರೂ ಇದ್ದಾರೆ, ಇಷ್ಟು ಅವನಿಗೆ ತಿಳಿಯಿತು. ಓದು ಬಿಟ್ಟು ಬೆಂಗಳೂರಿಗೆ ಹೋಗಿಬಿಡುವ ಯೋಚನೆ ಇತ್ತು, ಬಸ್ ಚಾರ್ಜಿಗೆ ದುಡ್ಡೂ ಕೂಡಿಟ್ಟಿದ್ದ ಎನ್ನುವುದು ಟೀಚರಿಗೆ ಆಗ ತಿಳಿಯಿತು.

ಮನೆಯವರಿಗೆ ಹೇಳಬೇಕೋ ಬೇಡವೋ? ಹೇಳಬೇಕು ಅಂತ ಹೆಡ್ಮಾಸ್ಟರು. ಓಡಿಹೋಗುವ ಮಾತಾಡಿದ ಮಗುವಿನ ವಿಷಯ ಮುಚ್ಚಿಟ್ಟರೆ ನಾಳೆ ಹೊಣೆ ಯಾರು ಅನ್ನುವುದು ಅವರ ಚಿಂತೆ, ಅದು ಹುರುಳಿಲ್ಲದ್ದಲ್ಲ. ಶಿವಮೊಗ್ಗದ ಒಬ್ಬ ಆಪ್ತಸಮಾಲೋಚಕರನ್ನು ಕೇಳಿದೆವು, ಹುಡುಗನ ಹೆಸರು ಹೇಳದೆ. ಅವರು ಎರಡನ್ನು ಬಿಡಿಸಿ ತೋರಿಸಿದರು. ಮಗು ಅಪಾಯದಲ್ಲಿದ್ದರೆ, ಯಾರಾದರೂ ಮೈಮೇಲೆ ಕೈ ಹಾಕಿದ್ದರೆ, ಸುಮ್ಮನಿರುವಂತಿಲ್ಲ. ಲೈಂಗಿಕ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಆದರೆ ಮಗು ತಾನು ಯಾರು ಅನ್ನುವುದನ್ನು ಹೇಳಿಕೊಂಡದ್ದು ವರದಿ ಮಾಡುವ ಸಂಗತಿ ಅಲ್ಲ. ಅದನ್ನು ಮನೆಗೆ ಹೇಳುವುದು ಬಿಡುವುದು ಅವನ ಕೈಯಲ್ಲಿರಬೇಕು. ಒಪ್ಪಿಗೆ ಇಲ್ಲದೆ ಹೇಳಿದರೆ ಮನೆಯವರು ‘ಸರಿ ಮಾಡಿಸಲು’ ಎಲ್ಲೆಲ್ಲಿಗೋ ಕರೆದೊಯ್ಯುತ್ತಾರೆ. ಇಂಥ ‘ಸರಿ ಮಾಡುವ’ ಚಿಕಿತ್ಸೆ ಕೊಡುವುದು ವೈದ್ಯರ ಮಟ್ಟಿಗೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆದರೆ ಆ ಕೆಲಸ ಮಾಡುವವರೆಲ್ಲ ವೈದ್ಯರಲ್ಲವಲ್ಲ.

ಮನೆಗೆ ತಿಳಿಸಿದ್ದು ಇಷ್ಟು: ಬಸ್ಸಿನಲ್ಲಿ ಹುಡುಗರು ಕಾಡಿಸುತ್ತಾರೆ, ಹೊಟ್ಟೆನೋವು ಅದರಿಂದ, ನಾವು ನೋಡಿಕೊಳ್ಳುತ್ತೇವೆ. ಅದರಲ್ಲಿ ಸುಳ್ಳಿರಲಿಲ್ಲ. ಸಮಾಲೋಚಕರ ಜೊತೆ ಹುಡುಗ ಫೋನಿನಲ್ಲಿ ಮಾತಾಡಿದ, ಲೈಬ್ರರಿ ಕೋಣೆಯಿಂದಲೇ. ಆ ತಿಂಗಳೇ ಎಲ್ಲ ಪುಸ್ತಕಗಳಿಗೂ ರಟ್ಟಿನ ಬುಕ್‌ಮಾರ್ಕ್ ಬಂತು. ಒಂದು ಕಡೆ ಕಾಗುಣಿತ, ಇನ್ನೊಂದು ಕಡೆ ಎರಡು ನಂಬರ್: ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಗಣಿತದ ಗೈಡಿನಲ್ಲೂ ಅದೇ, ಕುವೆಂಪು ಕಾದಂಬರಿಯಲ್ಲೂ ಅದೇ.

ಆದದ್ದು, ಆಗದ್ದು

ಹಾಜರಿ ಸುಧಾರಿಸಿತು. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿ ಬೇರೆ ಊರಿಗೆ ಪಿಯುಸಿಗೆ ಹೋದ. ಮನೆಯಲ್ಲಿ ಇನ್ನೂ ಹೇಳಿಲ್ಲ, ಹೇಳುವ ಆತುರವೂ ಅವನಿಗಿಲ್ಲ. ಬಸ್ಸಿನಲ್ಲಿ ಕೂಗುವುದು ನಿಲ್ಲಲಿಲ್ಲ. ಒಬ್ಬ ಶಿಕ್ಷಕರ ತಮಾಷೆಯೂ ನಿಲ್ಲಲಿಲ್ಲ, ಅವರು ಇವತ್ತಿಗೂ ಅದನ್ನು ತಮಾಷೆ ಎಂದೇ ನಂಬಿದ್ದಾರೆ. ಶೌಚಾಲಯದ ಸಮಸ್ಯೆ ಹಾಗೇ ಇದೆ. ಪಾಠದ ಹೊತ್ತಿನಲ್ಲಿ ಹೋಗಲು ಬಿಟ್ಟಿದ್ದರು, ಅದು ಪರಿಹಾರ ಅಲ್ಲ. ಇವೆಲ್ಲ ಲೈಬ್ರರಿಯ ಕೈಯಲ್ಲಿ ಇಲ್ಲದ ವಿಷಯ.

ಲೈಬ್ರರಿಯ ಕೈಯಲ್ಲಿ ಇದ್ದದ್ದರಲ್ಲಿ ನನ್ನ ಲೆಕ್ಕಕ್ಕೆ ಹೆಚ್ಚು ಕೆಲಸ ಮಾಡಿದ್ದು ಹೊಸ ಪುಸ್ತಕ ಅಲ್ಲ. ಹಳೇ ಪುಸ್ತಕ ತೆಗೆದದ್ದು, ರಿಜಿಸ್ಟರು ಬದಲಿಸಿದ್ದು, ಏಪ್ರಿಲ್‌ನಲ್ಲಿ ಹುಡುಕಿಸದೆ ಬಿಟ್ಟದ್ದು. ಬೇರೆ ಶಾಲೆಯವರು ನನ್ನನ್ನು ಪುಸ್ತಕದ ಪಟ್ಟಿ ಕೇಳುತ್ತಾರೆ. ಮೊದಲು ನಿಮ್ಮ ಇಶ್ಯೂ ರಿಜಿಸ್ಟರ್ ಯಾರ ಕೈಯಲ್ಲಿದೆ ಅಂತ ನಾನು ಕೇಳುತ್ತೇನೆ. ಇದು ಈ ಮಕ್ಕಳಿಗೆ ಮಾತ್ರ ಅಲ್ಲ. ಮುಟ್ಟಿನ ಬಗ್ಗೆ ಓದುವ ಹುಡುಗಿಗೂ, ಕುಡಿಯುವ ಅಪ್ಪನ ಬಗ್ಗೆ ಪುಸ್ತಕ ಹುಡುಕುವ ಮಗುವಿಗೂ ಅದೇ ಬೇಕು. ಬೈಂಡ್ ಹಾಕಿದ ಮೇಲೆ ಇಂಥ ಪುಸ್ತಕಗಳು ಜಾಸ್ತಿ ಹೊರಗೆ ಹೋಗುತ್ತಿವೆ ಅಂತ ಟೀಚರ್ ಹೇಳುತ್ತಾರೆ. ಮಂಜಮ್ಮನವರ ಪುಸ್ತಕವನ್ನು ಹೆಚ್ಚಾಗಿ ಒಯ್ದವರು ಹುಡುಗಿಯರಂತೆ. ಯಾಕೆ ಅಂತ ಅವರೂ ಕೇಳಿಲ್ಲ.

ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳು ಇಶ್ಯೂ ರಿಜಿಸ್ಟರಿನಲ್ಲಿ ವಿದ್ಯಾರ್ಥಿಯ ಹೆಸರಿನ ಕಾಲಂ ಇಲ್ಲವಲ್ಲ ಎಂದು ಆಕ್ಷೇಪ ಬರೆದರು. ಹೆಡ್ಮಾಸ್ಟರು ಉತ್ತರ ಕೊಟ್ಟರು: ಕಾರ್ಡ್ ನಂಬರ್ ಪಟ್ಟಿ ಇದೆ, ಕೇಳಿದಾಗ ತೋರಿಸುತ್ತೇವೆ, ಮಕ್ಕಳ ಕೈಗೆ ಕೊಡುವುದಿಲ್ಲ. ಅದಕ್ಕೆ ಇನ್ನೂ ಮರುಪತ್ರ ಬಂದಿಲ್ಲ. ಟೀಚರ್ ಮುಂದಿನ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಉಸ್ತುವಾರಿ ಸಮಾಜ ವಿಜ್ಞಾನದ ಮೇಷ್ಟರಿಗೆ ಹೋಗುತ್ತದೆ. ಅವರಿಗೆ ಈಗಿಂದಲೇ ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಕೂರಲು ಹೇಳಿದ್ದಾರೆ. ಕಾರ್ಡ್ ಪಟ್ಟಿಯ ಎರಡನೇ ಬೀಗದ ಕೈ ಅವರ ಹತ್ತಿರ ಇದೆ.